ಬೆನ್ನುಚೀಲದ ಅತಿಥಿಯೂ ದಿಲ್ಲಿಯ ಮೊದಲ ನೋಟವೂ

ಹಾವೇರಿಯ ಕಡೆಯ ವಾಚಕಿಯೊಬ್ಬರು ನಮಗೆ ಬರೆದ ಕಾಗದದಲ್ಲಿ ಒಂದು ಪ್ರಶ್ನೆಯನ್ನು ಕೇಳಿರುವರು. ಪರದೇಶಗಳಿಂದ ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು ನಮ್ಮ ಪಟ್ಟಣಗಳನ್ನು ನೋಡಲು ಬರುವ ತರುಣ ತರುಣಿಯರು ಬರೆದ ಪ್ರವಾಸವೃತ್ತಾಂತಗಳನ್ನು ಅವರ ಮೊಮ್ಮಗಳು ಓದಿ ಹೇಳಿದಳಂತೆ. ಅವುಗಳ ಮೊದಲ ಪುಟಗಳಲ್ಲೆಲ್ಲ ಗದ್ದಲ, ಧೂಳು, ದುರ್ಗಂಧ, ಮೋಸ, ನೂಕುನುಗ್ಗಲು ಎಂಬ ಮಾತುಗಳೇ ತುಂಬಿದ್ದುದನ್ನು ಕೇಳಿ ಆ ತಾಯಿಯವರ ಮನಸ್ಸು ನೊಂದಿತು. “ನಮ್ಮಲ್ಲಿಗೆ ಬಂದು ನಮ್ಮ ಅನ್ನ ಉಂಡು ಹೋದವರು ನಮ್ಮನ್ನೇ ಹಳಿಯುವುದು ಸರಿಯೆ? ನಿಮ್ಮಂಥವರು ಇದನ್ನು ಖಂಡಿಸಿ ಬರೆಯಬಾರದೆ?” ಎಂದು ಅವರು ಕೇಳುತ್ತಾರೆ.

ಪ್ರಶ್ನೆಯು ಸಾಧುವಾದುದು, ಅದರ ಹಿಂದಿರುವ ಅಭಿಮಾನವೂ ಸಾಧುವಾದುದು. ಆದರೆ ಖಂಡನೆಯನ್ನು ಬರೆಯುವುದಕ್ಕೆ ಮುಂಚೆ, ಖಂಡಿಸತಕ್ಕ ಮಾತು ಸುಳ್ಳೋ ನಿಜವೋ ಎಂಬುದನ್ನು ಪರೀಕ್ಷಿಸಬೇಕಾದುದು ನ್ಯಾಯ. ಆದುದರಿಂದ ಈ ತಿಂಗಳ ನಮ್ಮ ಪುಟವನ್ನು ಆ ಪರೀಕ್ಷೆಗೇ ಮೀಸಲಾಗಿರಿಸುವೆವು.

ಮೊದಲು ಈ ಯಾತ್ರಿಕರು ಯಾರೆಂಬುದನ್ನು ತಿಳಿಯೋಣ. ಇವರನ್ನು ಇಂಗ್ಲಿಷಿನವರು ಬ್ಯಾಕ್‌ಪ್ಯಾಕರ್ ಎನ್ನುವರು. ಬೆನ್ನುಚೀಲದ ಯಾತ್ರಿಕರೆಂದರೆ ನಮಗೆ ಅರ್ಥವಾಗುವುದು. ಇವರು ಸಿರಿವಂತರಲ್ಲ. ವಿದ್ಯಾಭ್ಯಾಸವನ್ನು ಆಗತಾನೆ ಮುಗಿಸಿದವರು, ಒಂದೆರಡು ವರ್ಷ ದುಡಿದು ನಾಲ್ಕು ಕಾಸು ಕೂಡಿಸಿದವರು, ತಾವು ಹೊರಬಲ್ಲಷ್ಟೇ ಸಾಮಾನನ್ನು ಒಂದು ಚೀಲಕ್ಕೆ ತುಂಬಿ ತಿಂಗಳುಗಟ್ಟಲೆ ದೇಶಾಟನ ಮಾಡುವರು. ೧೯೬೦ರ ಮತ್ತು ೧೯೭೦ರ ದಶಕಗಳಲ್ಲಿ ಇಂಥವರು ಇಸ್ತಾಂಬುಲಿನಿಂದ ಹೊರಟು ತೆಹರಾನ್, ಕಾಬೂಲ್, ಲಾಹೋರುಗಳ ಮಾರ್ಗವಾಗಿ ನೆಲದ ಮೇಲೆಯೇ ದಿಲ್ಲಿಗೆ ಬರುತ್ತಿದ್ದರು. ೧೯೭೯ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಅದೇ ವರ್ಷದ ಕೊನೆಯಲ್ಲಿ ಆಫ್ಘಾನಿಸ್ತಾನದೊಳಕ್ಕೆ ಸೋವಿಯತ್ ಸೈನ್ಯವು ನುಗ್ಗಲಾಗಿ ಆ ದಾರಿಯು ಮುಚ್ಚಿತು. ಆ ದಾರಿಯಲ್ಲಿ ಬಂದವರಿಗಾಗಿಯೇ ಟೋನಿ ವೀಲರ್ ಮತ್ತು ಮೋರೀನ್ ವೀಲರ್ ಎಂಬ ದಂಪತಿಗಳು ೧೯೭೩ರಲ್ಲಿ ಸಣ್ಣದೊಂದು ಕೈಪಿಡಿಯನ್ನು ಅಚ್ಚು ಹಾಕಿಸಿದರು. ಅವರ ಲೋನ್ಲಿ ಪ್ಲಾನೆಟ್ ಎಂಬ ಪ್ರಕಟನಾಲಯದಿಂದ ೧೯೮೧ರಲ್ಲಿ ಭಾರತದ ಕೈಪಿಡಿಯೂ ಹೊರಬಂದಿತು. ಈಗ ನೆಲದ ದಾರಿ ಹೋಗಿ ವಿಮಾನದ ದಾರಿ ಬಂದಿದೆ. ಚೀಲವೂ ಕುತೂಹಲವೂ ಹಾಗೆಯೇ ಉಳಿದಿವೆ.

ದೊಡ್ಡ ಹೋಟೆಲಿನಲ್ಲಿ ಇಳಿಯುವ ಧನಿಕನು ನಮ್ಮ ಪಟ್ಟಣವನ್ನು ಮೋಟಾರಿನ ಗಾಜಿನೊಳಗಿನಿಂದ ನೋಡುವನು. ಬೆನ್ನುಚೀಲದವನಿಗಾದರೋ ಆ ಗಾಜಿಲ್ಲ. ನಾವು ಸಂತೆಯಿಂದ ಮನೆಗೆ ನಡೆದು ಬರುವಾಗ ಏನನ್ನು ತುಳಿಯುವೆವೋ, ಏನನ್ನು ಮೂಸುವೆವೋ, ಯಾರಿಂದ ಮೈ ತಾಗಿಸಿಕೊಳ್ಳುವೆವೋ ಅದೆಲ್ಲವೂ ಅವನಿಗೂ ಒದಗುವುದು. ಅತಿಥಿ ಎಂಬ ಶಬ್ದಕ್ಕೆ, ಯಾವನ ಬರವಿಗೆ ತಿಥಿಯ ನಿಯಮವಿಲ್ಲವೋ ಅವನು ಎಂದು ನಮ್ಮ ಹಿರಿಯರು ಅರ್ಥ ಹೇಳುವರು. ದಿನವನ್ನು ಮೊದಲೇ ತಿಳಿಸಿ ಬರುವವನು ನಂಟ; ತಿಳಿಸದೆ ಬಂದು ಹೊಸ್ತಿಲಲ್ಲಿ ನಿಲ್ಲುವವನು ಅತಿಥಿ. ನಾವು ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಇದ್ದು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲೆವು. ಮುಂಚಿತವಾಗಿ ತಿಳಿಸಿ ಬರುವ ಇನ್‌ಸ್ಪೆಕ್ಟರಿಗೆ ಸುಣ್ಣ ಬಳಿದ ಗೋಡೆಯೂ, ಎಣ್ಣೆ ಹಚ್ಚಿ ಬಾಚಿದ ತಲೆಗಳೂ ಕಾಣುವುವು. ಹೇಳದೆ ಬಂದವನಿಗೆ ಶಾಲೆಯೇ ಕಾಣುವುದು. ಬೆನ್ನುಚೀಲದ ಯಾತ್ರಿಕನು ಈ ಎರಡನೆಯ ಬಗೆಯ ಇನ್‌ಸ್ಪೆಕ್ಟರು. ಅವನ ವರದಿ ನಮಗೆ ಹಿತವಾಗದಿರಬಹುದು. ಆದರೆ ಅದನ್ನು ಓದದೆ ಕಪಾಟಿನಲ್ಲಿಡುವುದು ವಿವೇಕವಲ್ಲ.

ಕಳೆದ ಕಾರ್ತಿಕ ಮಾಸದಲ್ಲಿ ನಾವು ಬಂಧುಗಳ ಕಾರ್ಯನಿಮಿತ್ತ ದಿಲ್ಲಿಗೆ ಹೋಗಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹಿಂತಿರುಗುತ್ತಿದ್ದಾಗ ಇಂಥ ಯಾತ್ರಿಕನೊಬ್ಬನು ನಮ್ಮ ಎದುರಿನ ಆಸನದಲ್ಲಿದ್ದನು. ಡೆನ್ಮಾರ್ಕ್ ದೇಶದವನು, ಇಪ್ಪತ್ತನಾಲ್ಕು ವಯಸ್ಸು, ಮರಗೆಲಸ ಕಲಿತವನು. ಗುಂತಕಲ್ಲಿನಲ್ಲಿ ಇಳಿದು ಹಂಪೆಗೆ ಹೋಗುವವನಿದ್ದನು. ದಿಲ್ಲಿಯಿಂದ ಬೆಂಗಳೂರಿಗೆ ಎರಡು ರಾತ್ರಿಯ ಪ್ರಯಾಣವಷ್ಟೆ. ನಡುವಣ ಹಗಲೆಲ್ಲ ಮಾತಿಗೆ ಸಾವಕಾಶವಿದ್ದಿತು. ಅವನು ಪ್ರತಿದಿನದ ಅನುಭವವನ್ನು ಸಣ್ಣ ಪುಸ್ತಕವೊಂದರಲ್ಲಿ ಗುರುತು ಹಾಕಿಕೊಂಡಿದ್ದನು. ದಿಲ್ಲಿಯ ಮೊದಲ ನೋಟವು ಹೇಗಿದ್ದಿತೆಂದು ನಾವು ಕೇಳಲಾಗಿ, ಸ್ವಲ್ಪ ಸಂಕೋಚಪಟ್ಟು, “ನೀವು ಬೇಸರಪಡುವುದಿಲ್ಲವಾದರೆ ಓದುತ್ತೇನೆ” ಎಂದನು. “ಓದಪ್ಪಾ, ನಾವು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಓದಿ ಸಾಕಷ್ಟು ಗಟ್ಟಿಯಾಗಿದ್ದೇವೆ” ಎಂದು ನಾವು ಧೈರ್ಯ ಹೇಳಿದೆವು. ಅವನು ಹೇಳಿದುದರ ಸಾರವನ್ನು ಇಲ್ಲಿ ಕೊಡುವೆವು.

ಅವನ ವಿಮಾನವು ನಡುರಾತ್ರಿಯ ಮೇಲೆ ಇಳಿಯಿತು. ಬೆಳಗಿನ ಜಾವದಲ್ಲಿ ವಿಮಾನನಿಲ್ದಾಣದ ಮೆಟ್ರೋ ರೈಲನ್ನು ಹತ್ತಿದನು. ೨೦೧೧ರಲ್ಲಿ ಆರಂಭವಾದ ಈ ರೈಲು ಸುಮಾರು ೨೦ ನಿಮಿಷಗಳಲ್ಲಿ ನವದೆಹಲಿ ನಿಲ್ದಾಣಕ್ಕೆ ಮುಟ್ಟಿಸುವುದು. ಒಳಗೆ ತಂಪು, ಶುಚಿ, ಸಮಯಪಾಲನೆ ಎಲ್ಲವೂ ಇದ್ದುವು. ತನ್ನೂರಿನ ರೈಲಿಗೂ ಇದಕ್ಕೂ ಅವನಿಗೆ ಭೇದವೇ ಕಾಣಲಿಲ್ಲ. ಸುಲಭವಾಯಿತೆಂದುಕೊಂಡು ಮೆಟ್ಟಿಲೇರಿ ಹೊರಗೆ ಬಂದನು. ಮೆಟ್ರೋ ಇರುವುದು ಅಜ್ಮೇರಿ ಗೇಟಿನ ಕಡೆ. ಅವನು ಹಣ ತೆತ್ತು ಗೊತ್ತುಮಾಡಿಕೊಂಡಿದ್ದ ಅಗ್ಗದ ವಸತಿಗೃಹವಿದ್ದುದು ಪಹಾಡ್‌ಗಂಜಿನ ಕಡೆ. ನಡುವೆ ೧೬ ಪ್ಲಾಟ್‌ಫಾರಂಗಳು, ಅವುಗಳ ಮೇಲೆ ಕಾಲುಸೇತುವೆ.

ಸೇತುವೆಯ ಬುಡದಲ್ಲಿ ಸಭ್ಯವಾದ ಉಡುಪಿನವನೊಬ್ಬನು ಎದುರಾಗಿ, ಟಿಕೇಟಿಲ್ಲದವರು ಸೇತುವೆಯನ್ನು ಹತ್ತಕೂಡದೆಂದನು. ಇನ್ನೊಬ್ಬನು ಅದನ್ನು ಸಮರ್ಥಿಸಿದನು. ಮೂರನೆಯವನು ವಸತಿಗೃಹದ ಹೆಸರನ್ನು ಕೇಳಿ ಮರುಗಿ, ಆ ಬೀದಿಯಲ್ಲಿ ಗಲಭೆಯಾಗಿ ದಾರಿ ಮುಚ್ಚಿದೆಯೆಂದನು. ನಾಲ್ಕನೆಯವನು ಆಟೋರಿಕ್ಷಾದವನು, ಅವನು ಸರಕಾರದ ಪ್ರವಾಸ ಕಚೇರಿಗೆ ಕರೆದೊಯ್ಯುವೆನೆಂದು ಹತ್ತಿಸಿಕೊಂಡನು. ಕಚೇರಿಯೆಂಬುದು ಸರಕಾರದ ಬೋರ್ಡನ್ನು ಹೋಲುವ ಬೋರ್ಡನ್ನು ಹಾಕಿದ ಖಾಸಗಿ ಅಂಗಡಿ. ಅಲ್ಲಿದ್ದವರು ಚಹಾ ಕೊಟ್ಟು ಉಪಚರಿಸಿ, ಊರೆಲ್ಲ ಅಪಾಯವೆಂದು ಹೇಳಿ, ಅವನು ಎರಡು ತಿಂಗಳಿಗೆಂದು ತಂದಿದ್ದ ಹಣದ ಅರ್ಧವನ್ನು ಒಂದು ವಾರದ ಕಾಶ್ಮೀರ ಪ್ರವಾಸಕ್ಕೆ ಕೇಳಿದರು. ಹುಡುಗನು ಚೀಲವನ್ನು ಎತ್ತಿಕೊಂಡು ಹೊರಗೆ ನಡೆದುದರಿಂದ ಹಣವುಳಿಯಿತು. ದಾರಿ ಕೇಳಿ ಕೇಳಿ ಪಹಾಡ್‌ಗಂಜಿಗೆ ಬಂದರೆ ಅಲ್ಲಿ ಗಲಭೆಯೂ ಇಲ್ಲ, ದಾರಿಯೂ ಮುಚ್ಚಿಲ್ಲ. ವಸತಿಗೃಹದವನು ಬಾಗಿಲಿಗೆ ನೀರು ಹಾಕುತ್ತಿದ್ದನು.

ಈ ಮೋಸದ ರಚನೆಯನ್ನು ವಾಚಕರು ಗಮನಿಸಬೇಕು. ಇಲ್ಲಿ ಯಾರೂ ಚಾಕು ತೋರಿಸಲಿಲ್ಲ, ಜೇಬಿಗೆ ಕೈ ಹಾಕಲಿಲ್ಲ. ಮೊದಲು ಉಪಕಾರದ ಮಾತು, ಆಮೇಲೆ ಸುಳ್ಳು ಸುದ್ದಿ, ಆಮೇಲೆ ಭಯ, ಕೊನೆಗೆ ಮಾರಾಟ, ಕರೆತಂದವರಿಗೆಲ್ಲ ದಲ್ಲಾಳಿ. ನಿದ್ದೆಗೆಟ್ಟವನು, ಭಾಷೆಯರಿಯದವನು, ಭಾರ ಹೊತ್ತವನು ಈ ಬಲೆಗೆ ಬೀಳುವುದು ಸಹಜ. ಕೆಟ್ಟ ಫಲವು ಅವನ ಹಣಕ್ಕೆ ಮಾತ್ರ ತಗಲುವುದಿಲ್ಲ. ಅಂದಿನಿಂದ ಹತ್ತು ದಿನ, ನಿಜವಾಗಿಯೂ ಉಪಕಾರಕ್ಕೆ ಬಂದವರನ್ನೆಲ್ಲ ಅವನು ಕಳ್ಳರೆಂದೇ ನೋಡಿದನಂತೆ. ನಾಲ್ಕು ಜನರ ಸುಳ್ಳು ನಾಲ್ಕು ನೂರು ಜನರ ಸತ್ಯಕ್ಕೆ ಬೆಲೆಯಿಲ್ಲದಂತೆ ಮಾಡಿತು. ಈ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಪಹಾಡ್‌ಗಂಜಿನ ಮುಖ್ಯ ಬಜಾರಿನಲ್ಲಿ ಅವನಿಗಾದ ಅನುಭವವು ಬೇರೆ ತೆರನಾದುದು. ಅಲ್ಲಿ ಯಾರೂ ಅವನಿಗೆ ಕೆಡುಕು ಮಾಡಲಿಲ್ಲ. ಆದರೂ ಅವನು ಗೋಡೆಗೊರಗಿ ನಿಂತುಬಿಟ್ಟನು. ತಲೆಯ ಮೇಲೆ ಬಳ್ಳಿಗಳಂತೆ ಹೆಣೆದ ವಿದ್ಯುತ್ತಂತಿಗಳು, ಬದಿಯಲ್ಲಿ ಕಾದ ಎಣ್ಣೆಯ ಬಾಣಲೆ, ಎದುರಿಗೆ ಆಕಳು, ಹಿಂದೆ ಬೈಸಿಕಲ್ ರಿಕ್ಷಾ, ಅದರ ಹಿಂದೆ ಹಾರ್ನು. ಊದುಬತ್ತಿ, ಚರಂಡಿ, ಚಹಾ, ಹೊಗೆ ಇವುಗಳ ವಾಸನೆಗಳು ಒಂದರೊಳಗೊಂದು. ಮೇಲಾಗಿ ಅದು ದಿಲ್ಲಿಯ ಹೊಗೆಮಂಜಿನ ಕಾಲ. ವಾಹನಗಳ ಹೊಗೆ, ಕಟ್ಟಡಗಳ ಧೂಳು, ಪಂಜಾಬ್ ಹರಿಯಾಣಗಳ ಹೊಲಗಳಲ್ಲಿ ಭತ್ತದ ಕೂಳೆಯನ್ನು ಸುಡುವ ಹೊಗೆ ಎಲ್ಲವೂ ಸೇರಿ, ಚಳಿಗೆ ಮೇಲೇರಲಾರದೆ ನೆಲದ ಮಟ್ಟದಲ್ಲೇ ನಿಲ್ಲುವುವು. ಅವನ ಕಣ್ಣು ಉರಿಯುತ್ತಿದ್ದಿತು. “ಎಲ್ಲವೂ ಒಂದೇ ಕಾಲದಲ್ಲಿ ನನ್ನ ಕಡೆಗೇ ಬರುತ್ತಿದ್ದಂತೆ ತೋರಿತು, ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದೇ ತಿಳಿಯಲಿಲ್ಲ” ಎಂದನು.

ಇದು ಅತಿಶಯೋಕ್ತಿಯಲ್ಲ. ಅವನ ದೇಶದ ಒಟ್ಟು ಜನಸಂಖ್ಯೆ ಸುಮಾರು ೬೦ ಲಕ್ಷ. ದಿಲ್ಲಿಯೊಂದರಲ್ಲೇ ೨೦೧೧ರ ಜನಗಣತಿಯಂತೆ ೧ ಕೋಟಿ ೬೮ ಲಕ್ಷ ಜನರಿದ್ದರು. ಅಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು ೧೪೦ ಜನ; ಇಲ್ಲಿ ೧೧ ಸಾವಿರಕ್ಕೂ ಮಿಗಿಲು. ನಮ್ಮ ತರ್ಕಶಾಸ್ತ್ರದವರು ಪ್ರತ್ಯಕ್ಷಜ್ಞಾನವನ್ನು ನಿರ್ವಿಕಲ್ಪಕ, ಸವಿಕಲ್ಪಕ ಎಂದು ಎರಡಾಗಿ ವಿಂಗಡಿಸುವರು. ಇಂದ್ರಿಯಕ್ಕೆ ವಸ್ತುವು ತಾಗಿದ ಮೊದಲ ಕ್ಷಣದಲ್ಲಿ ಏನೋ ಒಂದು ಇದೆ ಎಂಬಷ್ಟೇ ತೋರುವುದು. ಹೆಸರು, ಜಾತಿ, ಗುಣಗಳು ಇನ್ನೂ ಅದಕ್ಕೆ ಕೂಡಿರುವುದಿಲ್ಲ. ಇದು ನಿರ್ವಿಕಲ್ಪಕ. ಮರುಕ್ಷಣದಲ್ಲಿ, ಇದು ಗಡಿಗೆ, ಇದು ಮಣ್ಣಿನದು, ಇದು ನೀರಿಗೆ ಬರುವುದು ಎಂದು ವಿಂಗಡವಾಗುವುದು, ಇದು ಸವಿಕಲ್ಪಕ. ಬೀದಿಯಲ್ಲಿ ನಡೆಯುವ ನಮಗೆ ಈ ಎರಡು ಕ್ಷಣಗಳ ನಡುವಣ ಅಂತರವೇ ತಿಳಿಯದು. ಹಾರ್ನು ಕೇಳಿದೊಡನೆಯೇ ಇದು ನಮಗಲ್ಲ ಎಂದು ನಮ್ಮ ಕಿವಿಯು ಅದನ್ನು ತಳ್ಳಿಬಿಡುವುದು. ಹೊಸಬನಿಗೆ ಆ ಅಂತರವು ಒಂದು ದಿನ, ಎರಡು ದಿನ ಹಿಡಿಯುವುದು. ಅಷ್ಟು ಕಾಲವೂ ಅವನು ಹೆಸರಿಲ್ಲದ ಸದ್ದು, ಹೆಸರಿಲ್ಲದ ವಾಸನೆಗಳ ನಡುವೆ ನಿಂತಿರುವನು. ಮೊದಲ ನೋಟವೆಂದರೆ ಇದೇ. ಅದು ಸುಳ್ಳಲ್ಲ, ಇನ್ನೂ ವಿಂಗಡವಾಗದ ನಿಜ.

ಹಾರ್ನಿನ ವಿಷಯವನ್ನೇ ತೆಗೆದುಕೊಳ್ಳೋಣ. ಅವನ ದೇಶದಲ್ಲಿ ಹಾರ್ನು ಬಾರಿಸುವುದೆಂದರೆ ಬೈಗುಳಕ್ಕೆ ಸಮಾನ. ದಿಲ್ಲಿಯಲ್ಲಿ ಮೊದಲ ದಿನವೆಲ್ಲ ತನ್ನನ್ನು ಊರಿಗೆ ಊರೇ ಬೈಯುತ್ತಿದೆಯೆಂದು ಅವನು ಕುಗ್ಗಿಹೋಗಿದ್ದನು. ನಮ್ಮಲ್ಲಿ ಹಾರ್ನೆಂಬುದು “ಇಗೋ ಬಂದೆ, ಇದ್ದೇನೆ, ಸ್ವಲ್ಪ ಸರಿ” ಎಂಬ ಮಾತು. ಲಾರಿಯ ಹಿಂದೆ ಹಾರ್ನು ಮಾಡಿರೆಂದು ಬರೆಯಿಸುವ ದೇಶ ನಮ್ಮದು. ಮೂರನೆಯ ದಿನ ಅವನಿಗೆ ಈ ಭಾಷೆಯು ತಿಳಿದು ಸಮಾಧಾನವಾಯಿತು. ಆದರೆ ಭಾಷೆಯೆಂದ ಮಾತ್ರಕ್ಕೆ ಕಿರುಚುವುದು ಗುಣವಾಗದು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲಿಗೆ ಮೀರಿದ ಸದ್ದು ಕೂಡದು. ಆಸ್ಪತ್ರೆ, ಶಾಲೆಗಳ ಸುತ್ತ ೧೦೦ ಮೀಟರು ನಿಶ್ಶಬ್ದವಲಯ. ನಮ್ಮಲ್ಲಿ ಎಷ್ಟು ಮಂದಿ ಶಾಲೆಯ ಮುಂದೆ ಕೈಯನ್ನು ಹಿಡಿಯುವರು?

ರಸ್ತೆಯನ್ನು ದಾಟುವ ವಿದ್ಯೆಯನ್ನು ಅವನಿಗೆ ಕಲಿಸಿದವಳು ಕಾಯಿಪಲ್ಯದ ಚೀಲ ಹಿಡಿದ ಒಬ್ಬ ಮುದುಕಿ. ಕಾಲು ಗಂಟೆಯಿಂದ ಅಂಚಿನಲ್ಲೇ ನಿಂತಿದ್ದ ಅವನನ್ನು ಕಂಡು, “ಬಾ ಮಗಾ” ಎಂಬರ್ಥದ ಒಂದು ಮಾತನ್ನಾಡಿ, ಬಲಗೈಯನ್ನು ವಾಹನಗಳ ಕಡೆಗೆ ಚಾಚಿ, ಓಡದೆ ನಿಲ್ಲದೆ ಒಂದೇ ನಡಿಗೆಯಲ್ಲಿ ನಡೆದಳು. ಅವನು ಕರುವಿನಂತೆ ಹಿಂಬಾಲಿಸಿದನು. ಪ್ರವಾಹವು ಬಂಡೆಯ ಎರಡು ಬದಿಗೆ ಸರಿಯುವಂತೆ ವಾಹನಗಳು ಸರಿದುವು. ಓಡುವವನ, ನಡುವೆ ಹಿಂತಿರುಗುವವನ ಹೆಜ್ಜೆಯನ್ನು ಚಾಲಕನು ಊಹಿಸಲಾರನು; ಸಮವಾಗಿ ನಡೆಯುವವನ ಹೆಜ್ಜೆಯನ್ನು ಊಹಿಸಬಲ್ಲನು. ಗೊಂದಲವೆಂದು ತೋರುವುದರೊಳಗೆ ಹೀಗೊಂದು ಕ್ರಮವಿರುವುದನ್ನು ಕಂಡು ಆ ಹುಡುಗನು ಆಶ್ಚರ್ಯಪಟ್ಟನು. ನಮ್ಮವರು ಅನೇಕರು ಈ ಮಾತನ್ನು ಕೇಳಿ ಹಿಗ್ಗುವರು. ಆದರೆ ಆ ಕ್ರಮಕ್ಕೆ ನಾವು ತೆರುವ ಬೆಲೆಯನ್ನೂ ಹೇಳಬೇಕು: ೨೦೨೨ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳ ಅಪಘಾತದಲ್ಲಿ ಸತ್ತವರು ೧,೬೮,೪೯೧ ಮಂದಿ. ಹಿಗ್ಗುವುದಕ್ಕೆ ಮೊದಲು ಈ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಮೂರನೆಯ ದಿನ ಅವನು ಚಾಂದನಿ ಚೌಕಕ್ಕೆ ಹೋದನು. ಷಹಜಹಾನನು ೧೬೩೯ರಲ್ಲಿ ಆರಂಭಿಸಿದ ಹೊಸ ರಾಜಧಾನಿಯ ಮುಖ್ಯ ಬೀದಿಯಿದು. ೧೬೫೦ರ ಸುಮಾರಿನಲ್ಲಿ ಅವನ ಮಗಳು ಜಹನಾರಾ ಇದರ ಚೌಕವನ್ನು ಕಟ್ಟಿಸಿದಳು. ಆಗ ಬೀದಿಯ ನಡುವೆ ಕಾಲುವೆ ಹರಿಯುತ್ತಿದ್ದು, ಕೊಳದಲ್ಲಿ ಬೆಳದಿಂಗಳು ಬೀಳುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುವರು. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗಿನ ಸುಮಾರು ೧.೩ ಕಿಲೋಮೀಟರಿನ ಈ ದಾರಿಯನ್ನು ೨೦೨೧ರಲ್ಲಿ ಹೊಸದಾಗಿ ಕಲ್ಲು ಹಾಸಿ ಸರಿಪಡಿಸಿ, ಬೆಳಗಿನ ೯ರಿಂದ ರಾತ್ರಿಯ ೯ರವರೆಗೆ ಮೋಟಾರು ವಾಹನಗಳು ಬರಕೂಡದೆಂದು ಗೊತ್ತುಮಾಡಿದರು. ಈ ಒಂದೇ ಬೀದಿಯಲ್ಲಿ ಹಕ್ಕಿಗಳಿಗೆ ಆಸ್ಪತ್ರೆಯನ್ನು ಇಟ್ಟಿರುವ ಜೈನರ ಲಾಲ್ ಮಂದಿರ, ಗೌರೀಶಂಕರನ ಗುಡಿ, ಕ್ರೈಸ್ತರ ಬ್ಯಾಪ್ಟಿಸ್ಟ್ ಚರ್ಚು, ಸಿಖ್ಖರ ಸೀಸ್‌ಗಂಜ್ ಗುರುದ್ವಾರ, ಸುನೆಹರಿ ಮಸೀದಿ ಎಲ್ಲವೂ ಇವೆ. ೧೭೩೯ರಲ್ಲಿ ನಾದಿರ್ ಷಹನು ಕುಳಿತು ಊರಿನ ಕೊಲೆಯನ್ನು ನೋಡಿದುದು ಈ ಸುನೆಹರಿ ಮಸೀದಿಯಲ್ಲೇ. ಬೀದಿಯ ಕೊನೆಯ ಖಾರಿ ಬಾವಲಿಯಲ್ಲಿ ಮೆಣಸಿನಕಾಯಿಯ ಮೂಟೆಗಳ ನಡುವೆ ಸೀನದೆ ನಡೆಯುವುದು ನಮ್ಮಿಂದಲೂ ಆಗಲಿಲ್ಲ. ಆ ಹುಡುಗನು ಹನ್ನೊಂದು ಸಲ ಸೀನಿದನಂತೆ.

ಸೀಸ್‌ಗಂಜ್ ಗುರುದ್ವಾರವು ೧೬೭೫ರಲ್ಲಿ ಗುರು ತೇಗ್ ಬಹಾದೂರರ ಶಿರಚ್ಛೇದವಾದ ಸ್ಥಳ. ಅದರ ಬಾಗಿಲಲ್ಲಿ ಇಣುಕುತ್ತಿದ್ದ ಅವನ ತಲೆಗೆ ಒಬ್ಬರು ಬಟ್ಟೆಯನ್ನು ಕಟ್ಟಿದರು, ಒಬ್ಬರು ಅವನ ಪಾದರಕ್ಷೆಗಳನ್ನು ಎರಡು ಕೈಯಿಂದ ತೆಗೆದುಕೊಂಡರು, ಒಬ್ಬರು ಪಂಕ್ತಿಯಲ್ಲಿ ಕುಳ್ಳಿರಿಸಿದರು. ರೊಟ್ಟಿ, ಬೇಳೆ, ಪಾಯಸ ಬಡಿಸಿದರು. ಅವನ ಒಂದು ಬದಿಗೆ ಕೂಲಿಯವನು, ಇನ್ನೊಂದು ಬದಿಗೆ ಒಳ್ಳೆಯ ಉಡುಪಿನ ವ್ಯಾಪಾರಿ. ಯಾರೂ ಅವನ ಮತವನ್ನು ಕೇಳಲಿಲ್ಲ, ಹಣವನ್ನು ಕೇಳಲಿಲ್ಲ. ಎದ್ದು ಬರುವಾಗ ಯಾರಿಗೆ ಎಷ್ಟು ಕೊಡಬೇಕೆಂದು ಅವನು ವಿಚಾರಿಸಲು, ಪಾದರಕ್ಷೆಯನ್ನು ಒರಸಿ ಕೊಡುತ್ತಿದ್ದ ಹಿರಿಯರು, ತಾವು ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವುದಾಗಿಯೂ ವಾರಕ್ಕೊಮ್ಮೆ ಈ ಸೇವೆಗೆ ಬರುವುದಾಗಿಯೂ ತಿಳಿಸಿದರಂತೆ. ನಿಲ್ದಾಣದಲ್ಲಿ ಅವನನ್ನು ಸುಲಿಯಲು ಬಂದವರೂ ಇಲ್ಲಿ ಉಣ್ಣಿಸಿದವರೂ ಒಂದೇ ಊರಿನವರು. ನಡುವಣ ದೂರ ಎರಡು ಮೂರು ಕಿಲೋಮೀಟರು ಮಾತ್ರ.

ಹೀಗೆಂದು ಕಥೆಯನ್ನು ಮಂಗಳವಾಗಿ ಮುಗಿಸಿಬಿಡಲು ನಮಗೆ ಮನಸ್ಸಿಲ್ಲ. ಅವನು ಇನ್ನೆರಡು ಸಂಗತಿಗಳನ್ನು ಹೇಳಿದನು. ಒಂದು, ಚಳಿಯ ರಾತ್ರಿಯಲ್ಲಿ ಫುಟ್‌ಪಾತಿನ ಮೇಲೆ ಸಾಲಾಗಿ ಮಲಗಿದ್ದ ಜನ. ಅವರಲ್ಲಿ ಒಂದು ಮಗು ಎದ್ದು ಕುಳಿತು ಅವನನ್ನು ನೋಡಿತು, ಬೇಡಲಿಲ್ಲ, ಸುಮ್ಮನೆ ನೋಡಿತು. “ಅದಕ್ಕೆ ನಾನೇನು ಮಾಡಬೇಕಾಗಿತ್ತು?” ಎಂದು ನಮ್ಮನ್ನು ಕೇಳಿದನು. ಅದಕ್ಕೆ ಉತ್ತರವನ್ನು ಹುಡುಕಬೇಕಾದವರು ಅವನಲ್ಲ, ಈ ದೇಶದ ಗೃಹಸ್ಥರು. ಎರಡನೆಯದು, ಅವನಿದ್ದ ವಸತಿಗೃಹದಲ್ಲೇ ಇಳಿದಿದ್ದ ಪರದೇಶದ ಹೆಣ್ಣುಮಗಳೊಬ್ಬಳ ಅನುಭವ. ಅವಳನ್ನು ಬೀದಿಯಲ್ಲಿ ಗಂಡಸರು ನೆಟ್ಟ ಕಣ್ಣಿನಿಂದ ನೋಡಿದರು. ಕೇಳದೆ ಚಿತ್ರ ತೆಗೆದರು. ಇಬ್ಬರು ವಸತಿಗೃಹದ ಬಾಗಿಲವರೆಗೆ ಹಿಂಬಾಲಿಸಿದರು. ಅವಳು ನಿಗದಿಗಿಂತ ಎರಡು ವಾರ ಮೊದಲೇ ತನ್ನ ದೇಶಕ್ಕೆ ಹೊರಟುಹೋದಳು. ದಿಲ್ಲಿಯ ಮೆಟ್ರೋದಲ್ಲಿ ೨೦೧೦ರಿಂದ ಒಂದು ಗಾಡಿಯನ್ನು ಸ್ತ್ರೀಯರಿಗಾಗಿಯೇ ಮೀಸಲಿಟ್ಟಿರುವರು; ೨೦೧೩ರ ಕಾಯಿದೆಯ ತಿದ್ದುಪಡಿಯಲ್ಲಿ ಸ್ತ್ರೀಯರನ್ನು ಬೆನ್ನಟ್ಟುವುದನ್ನು ಅಪರಾಧವೆಂದು ವಿಧಿಸಿದರು. ಕಾಯಿದೆಯು ಅಪರಾಧವಾದ ಮೇಲೆ ಬರುವುದು. ಕಣ್ಣಿಗೆ ಸಂಸ್ಕಾರವನ್ನು ಕೊಡಬೇಕಾದುದು ಮನೆ. ಗಂಡುಮಕ್ಕಳುಳ್ಳ ವಾಚಕರು ಈ ಮಾತನ್ನು ದಿಲ್ಲಿಯವರಿಗೆಂದು ತಿಳಿಯದಿರಲಿ. ಇಂಥ ಯಾತ್ರಿಕರು ಹಂಪೆಗೂ ಗೋಕರ್ಣಕ್ಕೂ ಬರುವರು.

ಈಗ ವಾಚಕಿಯವರ ಪ್ರಶ್ನೆಗೆ ಬರೋಣ. ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರು. ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು, ಒಂದೇ ಉರಿಯಲ್ಲಿ ಬೆಂದವು ಆದುದರಿಂದ ಅಲ್ಲಿ ಈ ನ್ಯಾಯ ಸಲ್ಲುವುದು. ಪಟ್ಟಣವು ಅನ್ನದ ಪಾತ್ರೆಯಲ್ಲ. ನಿಲ್ದಾಣದ ದಲ್ಲಾಳಿಯೂ, ತರಕಾರಿ ಚೀಲದ ಮುದುಕಿಯೂ, ಪಾದರಕ್ಷೆ ಒರಸಿದ ಅಧಿಕಾರಿಯೂ ಒಂದೇ ಉರಿಯಲ್ಲಿ ಬೆಂದವರಲ್ಲ. ಆದುದರಿಂದ ಮೊದಲ ಗಂಟೆಯನ್ನು ನೋಡಿ ಇಡೀ ಊರಿನ ಮೇಲೆ ತೀರ್ಪು ಬರೆಯುವ ಯಾತ್ರಿಕನಿಗೆ, ತಾಳಪ್ಪಾ, ಮೂರನೆಯ ದಿನದವರೆಗೆ ಲೇಖನಿಯನ್ನು ಹಿಡಿಯಬೇಡ ಎಂದು ಹೇಳುವ ಅಧಿಕಾರವು ನಮಗುಂಟು.

ಆದರೆ ಅವನು ಬರೆದುದೆಲ್ಲ ನಿಂದೆಯೆನ್ನುವ ಅಧಿಕಾರವು ನಮಗಿಲ್ಲ. ಅದಕ್ಕೆ ಕಾರಣವನ್ನು ಹೇಳುವೆವು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕದ ಅಬ್ದುರ್ ರಜಾಕನು ಅಲ್ಲಿಯ ಬಜಾರುಗಳಲ್ಲಿ ಎಲ್ಲೆಲ್ಲಿಯೂ ಗುಲಾಬಿಗಳು ಮಾರುವುದನ್ನು ಕಂಡು, ಆ ಜನರಿಗೆ ಹೂವು ಅನ್ನದಷ್ಟೇ ಅವಶ್ಯವೆಂದು ಭಾವಿಸಿ ಬರೆದನು. ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗಲ್ಲಿನ ಡೊಮಿಂಗೋ ಪೇಸನು ಗುಡ್ಡವನ್ನು ಹತ್ತಿ ನೋಡಿ, ಆ ಪಟ್ಟಣವು ರೋಮಿನಷ್ಟು ದೊಡ್ಡದೆಂದು ಎಣಿಸಿದನು. ಇವರೂ ಪರದೇಶೀಯರೇ, ಇವರು ಬರೆದುದೂ ಗಿಜಿಗುಟ್ಟುವ ಪಟ್ಟಣವೊಂದರ ಮೊದಲ ನೋಟವೇ. ಈ ಮಾತುಗಳನ್ನು ನಾವು ಮಕ್ಕಳ ಪಾಠಪುಸ್ತಕದಲ್ಲಿ ಅಚ್ಚು ಹಾಕಿಸಿ, ಪರೀಕ್ಷೆಯಲ್ಲಿ ಕೇಳಿ, ಎದೆಯುಬ್ಬಿಸುವೆವು. ಹೊಗಳಿದಾಗ ಪ್ರಮಾಣವಾದ ಪರದೇಶೀಯನ ಕಣ್ಣು ತೆಗಳಿದಾಗ ಅಪ್ರಮಾಣವಾಗುವುದು ಹೇಗೆ? ಸಾಕ್ಷಿಯು ನಂಬತಕ್ಕವನಾದರೆ ಎರಡರಲ್ಲಿಯೂ ನಂಬತಕ್ಕವನು. ಚರಂಡಿಯು ನಾರುವುದನ್ನು ಅವನು ಬರೆದನೆಂದು ಕೋಪಿಸಿಕೊಳ್ಳುವುದರಿಂದ ಚರಂಡಿಯು ಶುದ್ಧವಾಗುವುದಿಲ್ಲ. ಅದನ್ನು ದಿನವೂ ದಾಟುವ ನಮ್ಮ ಮೂಗು ಅದನ್ನು ಮರೆತಿದೆ, ಅವನ ಮೂಗು ನೆನಪಿಗೆ ತಂದಿತು ಎಂದಷ್ಟೇ ತಿಳಿಯಬೇಕು.

ಆದಕಾರಣ ಖಂಡನೆಯ ಬದಲಾಗಿ ಮನೆಮಂದಿಗೆ ಕೆಲವು ಸೂಚನೆಗಳನ್ನು ಕೊಟ್ಟು ಈ ಪುಟವನ್ನು ಮುಗಿಸುವೆವು. ದಾರಿಯನ್ನು ಕೇಳಿದವರಿಗೆ ಗೊತ್ತಿದ್ದರೆ ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಬೇಕು. ಇಲ್ಲವೆನ್ನಲು ನಾಚಿ ಕೈ ತೋರಿದ ಕಡೆಗೆ ಕಳುಹಿಸುವುದು ಉಪಕಾರವಲ್ಲ. ಪರದೇಶದವರೆಂದು ವಸ್ತುವಿಗೆ ಇಮ್ಮಡಿ ಬೆಲೆ ಹೇಳುವುದು ವ್ಯಾಪಾರದ ಜಾಣತನವಲ್ಲ. ಅವರ ಚಿತ್ರವನ್ನು ತೆಗೆಯಬೇಕಾದರೆ ಕೇಳಿ ತೆಗೆಯಬೇಕು. ಬೇಡವೆಂದರೆ ನಗುತ್ತ ಬಿಡಬೇಕು. ಮದುವೆಯಾಗಿದೆಯೆ, ಸಂಬಳವೆಷ್ಟು ಎಂಬ ಪ್ರಶ್ನೆಗಳು ನಮ್ಮಲ್ಲಿ ವಿಶ್ವಾಸದ ಗುರುತಾದರೂ ಅವರಿಗೆ ಇರಿದಂತೆ ಆಗುವುವು; ಊರು ಯಾವುದು, ಊಟವಾಯಿತೆ ಎಂಬೆರಡು ಸಾಕು. ಯಾರಾದರೂ ಹೊಸಬನನ್ನು ಸುಳ್ಳು ಹೇಳಿ ಕರೆದೊಯ್ಯುತ್ತಿದ್ದುದು ಕಣ್ಣಿಗೆ ಬಿದ್ದರೆ, ನಮಗೇಕೆಂದು ಸರಿಯದೆ, ದಾರಿ ಮುಚ್ಚಿಲ್ಲ, ಹೋಗು ಎಂಬ ಒಂದು ಮಾತನ್ನು ಆಡಬೇಕು. ಪ್ರವಾಸಿಗಳಿಗಾಗಿ ಕೇಂದ್ರ ಸರಕಾರವು ೧೩೬೩ ಎಂಬ ಸಹಾಯದ ದೂರವಾಣಿಯನ್ನು ೨೦೧೬ರಲ್ಲಿ ಏರ್ಪಡಿಸಿತು. ಆಪತ್ತಿನ ಸಂಖ್ಯೆ ೧೧೨. ಇವೆರಡನ್ನು ಮನೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದು.

ನಮ್ಮ ಮಕ್ಕಳೂ ಈಗ ಬೆನ್ನುಚೀಲವನ್ನು ಹೊತ್ತು ದಿಲ್ಲಿಗೂ ಅದರಾಚೆಗೂ ಹೋಗುತ್ತಿರುವರು. ಹಿಂದಿಯನ್ನು ಅರಿಯದ ಕನ್ನಡದ ಹುಡುಗನಿಗೆ ಅಲ್ಲಿಯ ಮೊದಲ ಗಂಟೆಯು ಡೆನ್ಮಾರ್ಕಿನವನ ಗಂಟೆಗಿಂತ ಹೆಚ್ಚು ಸುಲಭವಾದುದಲ್ಲ. ಹೊರಡುವಾಗ ಅವರಿಗೆ ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಹೇಳಿರಿ; ತಾನಾಗಿ ಮೇಲೆ ಬಿದ್ದು ಸಹಾಯಕ್ಕೆ ಬಂದವನನ್ನು ಬಿಟ್ಟು, ತಾವಾಗಿ ಆರಿಸಿಕೊಂಡ ಅಂಗಡಿಯವನನ್ನೋ ಪೋಲೀಸಿನವನನ್ನೋ ವಿಚಾರಿಸಲು ಹೇಳಿರಿ. ಅಲ್ಲಿ ಅವರಿಗೆ ಅಪರಿಚಿತರೊಬ್ಬರು ಸರಿಯಾದ ದಾರಿಯ ಕಡೆಗೆ ಬೆರಳು ತೋರಲೆಂದು ನಾವು ಹಾರೈಸುವೆವಷ್ಟೆ. ಹಾಗೆ ಹಾರೈಸುವ ತಂದೆತಾಯಿಗಳು ಇಂದು ಸಂಜೆ ತಮ್ಮ ಊರಿನ ಬಸ್ಸು ನಿಲ್ದಾಣದಲ್ಲಿ ಚೀಲ ಹೊತ್ತು ಕಂಗೆಟ್ಟು ನಿಂತವನನ್ನು ಕಂಡರೆ, ಆ ಬೆರಳನ್ನು ತಾವೇ ತೋರಲಿ.